ಆರನೇ ಬೆರಳಿಗೆ ದಾರ ಕಟ್ಟುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಆರು ಬೆರಳಿನ ಕೂಸು ಹುಟ್ಟಿದರೆ ಎರಡು ಮಾತು ಕೇಳಿಬರುತ್ತವೆ. ಅದೃಷ್ಟದ ಕೂಸು, ಮುಟ್ಟಬೇಡಿ ಎನ್ನುವುದು ಒಂದು. ಕೆಲಸಕ್ಕೆ ಬಾರದ ಬೆರಳು, ದಾರ ಕಟ್ಟಿ ಉದುರಿಸಿ ಎನ್ನುವುದು ಇನ್ನೊಂದು. ಎರಡೂ ಕಡೆಯವರು ಬೆರಳು ಎಣಿಸುತ್ತಾರೆ, ಮಡಚಿ ನೋಡುವುದಿಲ್ಲ.

ದಾರದವರ ವಾದ: ಮಿದುಳಿಗೆ ಗೊತ್ತಿರುವುದು ಐದೇ ಬೆರಳು, ಆರನೆಯದು ಜೋತಾಡುವುದಷ್ಟೇ. ಇದು ತಪ್ಪೆಂದು 2019ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಪೂರ್ತಿ ಬೆಳೆದ ಇನ್ನೊಂದು ಬೆರಳಿದ್ದ ತಾಯಿ–ಮಗನನ್ನು ಅಲ್ಲಿ ಪರೀಕ್ಷಿಸಿದ್ದರು. ಆ ಬೆರಳಿಗೆ ತನ್ನದೇ ಸ್ನಾಯು, ನರ ಇದ್ದವು. ಮಿದುಳಿನಲ್ಲಿ ಅದಕ್ಕೆ ಬೇರೆಯೇ ಜಾಗವಿತ್ತು. ನಾವು ಎರಡು ಕೈಯಿಂದ ಕಟ್ಟುವ ಬೂಟಿನ ದಾರವನ್ನು ಅವರು ಒಂದೇ ಕೈಯಿಂದ ಕಟ್ಟಿದರು.

ಹಾಗಾದರೆ ಎಲ್ಲವನ್ನೂ ಹಾಗೇ ಬಿಡೋಣ, ದೇವಿಗೂ ನಾಲ್ಕು ಕೈ ಇಲ್ಲವೇ ಎಂದು ಭಕ್ತರು ಕೇಳುತ್ತಾರೆ. ಎಲ್ಲಮ್ಮನ ಗುಡ್ಡ ಇರುವ ಸೀಮೆಯಲ್ಲಿ ಈ ಪ್ರಶ್ನೆಯನ್ನು ಹಗುರಾಗಿ ತಳ್ಳಲಾಗದು. ಆದರೆ ನಾಲ್ಕು ಕೈ, ನಾಲ್ಕು ಕಾಲಿನೊಂದಿಗೆ ಹುಟ್ಟಿದ ಬಿಹಾರದ ಹೆಣ್ಣುಮಗುವನ್ನೂ ಊರವರು ದೇವಿಯೆಂದೇ ಪೂಜಿಸಿದ್ದರು. ಮಗುವಿಗೆ ಮಾತ್ರ ನಡೆಯಲು ಬರುತ್ತಿರಲಿಲ್ಲ. ಹೆಚ್ಚಿನ ಕೈಕಾಲುಗಳು ಬೆಳೆಯದೆ ಉಳಿದ ತಲೆಯಿಲ್ಲದ ಅವಳಿಯವು, ಸೊಂಟದಲ್ಲಿ ಅಂಟಿಕೊಂಡಿದ್ದವು. 2007ರ ನವೆಂಬರ್‌ನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ಮತ್ತು ಸಂಗಡಿಗರು ಸುಮಾರು 27 ತಾಸು ಶಸ್ತ್ರಚಿಕಿತ್ಸೆ ಮಾಡಿ ಬೇರ್ಪಡಿಸಿದರು. ಅಲ್ಲಿ ಕತ್ತರಿಸಿದ್ದೇ ಸರಿ. ಪೂಜೆಗೊಂಡ ಅಂಗವೆಲ್ಲ ಕೆಲಸಕ್ಕೆ ಬರುವುದಿಲ್ಲ; ಜಾತ್ರೆಗೆ ಕರೆತರುವ ಐದು ಕಾಲಿನ ಬಸವನನ್ನು ನೋಡಿ: ಹಿಣಿಲಿನ ಮೇಲಿನ ಕಾಲು ನೆಲಕ್ಕೆ ಊರುವುದೇ ಇಲ್ಲ.

ಹೆಚ್ಚಿನ ಬೆರಳು ತೊಡಕೇ, ಅಥ್ಲೀಟ್ ಸ್ವಪ್ನಾ ಬರ್ಮನ್ ಎಷ್ಟು ನೋವುಂಡರು ನೋಡಿ ಎನ್ನುವವರೂ ಇದ್ದಾರೆ. ನಿಜ, ಅವರ ಒಂದೊಂದು ಪಾದಕ್ಕೂ ಆರು ಬೆರಳು. ನೋವು ಕೊಟ್ಟದ್ದು ಐದು ಬೆರಳಿನ ಅಳತೆಗೆ ಹೊಲಿದ ಬೂಟು. ಆ ಪಾದಗಳಲ್ಲೇ ಓಡಿ, ಜಿಗಿದು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಹೆಪ್ಟಥ್ಲಾನ್ ಚಿನ್ನ ಗೆದ್ದರು.

ಕಿರುಬೆರಳ ಪಕ್ಕ ಎಲುಬಿಲ್ಲದೆ ತೂಗುವ ಗುಬಟನ್ನು ವೈದ್ಯರು ತೆಗೆದರೆ ನಷ್ಟವೇನಿಲ್ಲ. ಮನೆಯಲ್ಲೇ ದಾರ ಬಿಗಿದರೆ ಕೀವು ಕಟ್ಟಬಹುದು, ಉಳಿದ ನರದ ತುದಿ ವರ್ಷಗಟ್ಟಲೆ ನೋಯಬಹುದು. ಬಾಣಂತಿ ಮನೆಯ ಹಿರಿಯರೇ, ದಾರ ಕೈಯಿಂದ ಕೆಳಗಿಡಿ. ಕೂಸನ್ನು ಎಲುಬಿನ ವೈದ್ಯರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ಬೆರಳು ಮಡಚಿ ನಿಮ್ಮ ಬೆರಳನ್ನು ಹಿಡಿಯುತ್ತಿದ್ದರೆ, ಕತ್ತರಿಸುವ ಮಾತು ಅವಸರದಲ್ಲಿ ಆಡಬೇಡಿ.