ಶ್ವಾಸಕೋಶದ ಕ್ಯಾನ್ಸರ್: ಮಲಗಿಸಬೇಡಿ, ನಡೆಸಿ

ಮನೆಯ ಹಿರಿಯರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದಲೇ ನಮ್ಮ ಮನೆಗಳಲ್ಲಿ ಹೊಸ ಏರ್ಪಾಡು ಶುರುವಾಗುತ್ತದೆ. ಕಿಟಕಿಯ ಪಕ್ಕದ ಮಂಚ ಅವರಿಗೆ ಮೀಸಲು. ಕಾಫಿ, ತಿಂಡಿ, ಊಟ ಎಲ್ಲವೂ ಅಲ್ಲಿಗೇ. ಪೇಪರ್ ಎತ್ತಿಕೊಳ್ಳಲು ಬಾಗಿಲವರೆಗೆ ಹೋದರೂ ‘ನೀವ್ಯಾಕೆ ಎದ್ರಿ, ನಾವೆಲ್ಲ ಇಲ್ವಾ?’ ಎಂಬ ಪ್ರೀತಿಯ ಗದರಿಕೆ. ನೋಡಲು ಬಂದ ನೆಂಟರದೂ ಅದೇ ಮಾತು: ‘ಚೆನ್ನಾಗಿ ರೆಸ್ಟ್ ತೊಗೊಳ್ಳಿ.’ ಇದೆಲ್ಲ ಕಾಳಜಿಯಿಂದಲೇ ಆಗುವುದು. ಆದರೂ ಎದ್ದು ನಡೆಯಬಲ್ಲ ರೋಗಿಯನ್ನು ಹೀಗೆ ಮಂಚಕ್ಕೆ ಕಟ್ಟಿಹಾಕುವುದು ಉಪಕಾರವಲ್ಲ, ಅಪಕಾರ ಎಂದೇ ನನ್ನ ಅಭಿಪ್ರಾಯ.

‘ನಡೆದರೆ ಏದುಸಿರು ಬರುತ್ತದಲ್ಲ, ಅದಕ್ಕೇ ಮಲಗಿಸಿದ್ದೇವೆ’ ಎನ್ನುತ್ತೀರಿ. ಏದುಸಿರಿಗೆ ಶ್ವಾಸಕೋಶದ ಗೆಡ್ಡೆಯೊಂದೇ ಕಾರಣವಲ್ಲ. ಬಳಸದ ಮಾಂಸಖಂಡ ಬೇಗ ಸೊರಗುತ್ತದೆ. ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ದಣಿದು ಹೆಚ್ಚು ಗಾಳಿ ಕೇಳುತ್ತದೆ. ಉಸಿರು ಕಟ್ಟಿತೆಂದು ಮತ್ತೆ ಮಲಗಿದರೆ ಕಾಲು ಇನ್ನಷ್ಟು ಸೊರಗುತ್ತದೆ. ಅಮೆರಿಕದಲ್ಲಿ ಯಾವ ಕಾಯಿಲೆಯೂ ಇಲ್ಲದ ಕೆಲವು ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದ್ದರು. 2007ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರ ಕಾಲುಗಳಿಂದಲೇ ಸುಮಾರು 1 ಕೆ.ಜಿ.ಯಷ್ಟು ಮಾಂಸ ಕರಗಿತ್ತು. ಆರೋಗ್ಯವಂತರ ಪಾಡೇ ಹೀಗಾದರೆ, ಊಟ ಸೇರದ, ಮೊದಲೇ ತೂಕ ಇಳಿದಿರುವ ಕ್ಯಾನ್ಸರ್ ರೋಗಿಯ ಪಾಡನ್ನು ಊಹಿಸಿಕೊಳ್ಳಿ.

ಇದರ ಬೆಲೆ ಬರೀ ನಿಶ್ಶಕ್ತಿಯಲ್ಲ. ಕೀಮೋಥೆರಪಿ ಕೊಡುವ ಮುನ್ನ ವೈದ್ಯರು ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ಜೊತೆಗೆ ಇನ್ನೊಂದು ಸಂಗತಿ ವಿಚಾರಿಸುತ್ತಾರೆ: ರೋಗಿ ಎಚ್ಚರವಿರುವ ಹೊತ್ತಿನಲ್ಲಿ ಎಷ್ಟು ಪಾಲು ಎದ್ದು ಓಡಾಡುತ್ತಾನೆ, ಎಷ್ಟು ಪಾಲು ಹಾಸಿಗೆ ಅಥವಾ ಕುರ್ಚಿಯಲ್ಲಿ ಕಳೆಯುತ್ತಾನೆ? ಇದಕ್ಕೆ 0ಯಿಂದ 4ರವರೆಗೆ ಅಂಕಗಳಿವೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಎದ್ದಿದ್ದು, ತನ್ನ ಕೆಲಸ ತಾನೇ ಮಾಡಿಕೊಳ್ಳುವವರಿಗೆ 2 ಅಥವಾ ಅದಕ್ಕೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿ, ಕುಳಿತು ಕಳೆಯುವವರಿಗೆ 3. ಅಂಕ 3 ಅಥವಾ ಅದಕ್ಕೂ ಹೆಚ್ಚಾದವರಿಗೆ ಕೀಮೋ ಕೊಡಲು ವೈದ್ಯರು ಹಿಂಜರಿಯುತ್ತಾರೆ, ದೇಹ ತಡೆಯಲಾರದೆಂಬ ಭಯದಿಂದ. (ಕೆಲವು ಬಗೆಯ ಗೆಡ್ಡೆಗಳಿಗೆ ಕೊಡುವ ಮಾತ್ರೆಗಳ ಮಾತು ಬೇರೆ.) ರೋಗವೇ 3ಕ್ಕೆ ತಂದು ನಿಲ್ಲಿಸಿದರೆ ಯಾರೂ ಏನೂ ಮಾಡಲಾಗದು. ಆದರೆ ಮನೆಯವರ ಉಪಚಾರವೇ 2ನ್ನು 3 ಮಾಡಿದರೆ?

ಶಸ್ತ್ರಚಿಕಿತ್ಸೆಗೆ ಹೋಗುವವರ ವಿಷಯದಲ್ಲಂತೂ ಪುರಾವೆ ಗಟ್ಟಿಯಾಗಿದೆ. ಆಪರೇಷನ್‌ಗೆ ಮುಂಚಿನ ವಾರಗಳಲ್ಲಿ ವ್ಯಾಯಾಮ ಮಾಡಿದವರಲ್ಲಿ ಆಪರೇಷನ್ ನಂತರ ನ್ಯುಮೋನಿಯಾದಂಥ ಶ್ವಾಸಕೋಶದ ತೊಂದರೆಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆಂದು ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಹೇಳುತ್ತದೆ. ನಮ್ಮಲ್ಲಿ ಬಹುಪಾಲು ಜನ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವುದರಿಂದ ಆಪರೇಷನ್ನಿನ ಭಾಗ್ಯ ಕೆಲವರಿಗಷ್ಟೇ, ಅದು ನಿಜ. ಆದರೆ ಬಲಿತವರಿಗೂ ಲಾಭವಿದೆ: ಸುಸ್ತು ತಗ್ಗುತ್ತದೆ, ನಿದ್ದೆ ಬರುತ್ತದೆ, ಬಚ್ಚಲಿಗೆ ಇನ್ನೊಬ್ಬರ ಹೆಗಲು ಹಿಡಿಯಬೇಕಾದ ದಿನ ಮುಂದಕ್ಕೆ ಹೋಗುತ್ತದೆ. ನಡಿಗೆ ಗೆಡ್ಡೆಯನ್ನು ಕರಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಹಾಗಾದರೆ ಎಷ್ಟು ನಡೆಯಬೇಕು? 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಕ್ಯಾನ್ಸರ್ ರೋಗಿಗಳಿಗೆಂದು ಪ್ರಕಟಿಸಿದ ಸಲಹೆ ವಾರಕ್ಕೆ 3 ದಿನ, 30 ನಿಮಿಷದ ಸಾಧಾರಣ ವ್ಯಾಯಾಮ. ಅದು ತಲುಪಬೇಕಾದ ಗುರಿಯೇ ಹೊರತು ಮೊದಲ ದಿನದ ಪಾಠವಲ್ಲ. 5 ನಿಮಿಷ ಅಂಗಳದಲ್ಲಿ ನಡೆದು, ಕೂತು, ಸುಧಾರಿಸಿಕೊಂಡು, ಸಂಜೆ ಇನ್ನೊಂದು 5 ನಿಮಿಷ ನಡೆದರೂ ಆರಂಭಕ್ಕೆ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು. ವಾಕ್ಯ ಅರ್ಧಕ್ಕೆ ನಿಂತರೆ ವೇಗ ಜಾಸ್ತಿಯಾಯಿತೆಂದು ತಿಳಿಯಿರಿ. ದಮ್ಮು ಹತ್ತಿದರೆ ಕುರ್ಚಿಯ ಬೆನ್ನನ್ನೋ ಗೋಡೆಯನ್ನೋ ಆನಿಸಿಕೊಂಡು, ಮೂಗಿನಿಂದ ಎಳೆದ ಉಸಿರನ್ನು ಸೀಟಿ ಹಾಕುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಲಿ. ಕಾಲಿನ ಬಲಕ್ಕೆ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು ಒಳ್ಳೆಯ ವ್ಯಾಯಾಮ. ಸೊಪ್ಪು ಬಿಡಿಸುವುದು, ಗಿಡಕ್ಕೆ ನೀರು ಹಾಕುವುದು, ಮೊಮ್ಮಗುವನ್ನು ಶಾಲೆಯ ಬಸ್ಸಿನವರೆಗೆ ಬಿಟ್ಟುಬರುವುದು ಇವನ್ನೆಲ್ಲ ಕಿತ್ತುಕೊಳ್ಳಬೇಡಿ. ಟೀವಿ ನೋಡಿ ಕಪಾಲಭಾತಿ, ಭಸ್ತ್ರಿಕಾ ಶುರುಮಾಡಿಸುವ ಉತ್ಸಾಹಿಗಳೂ ಇದ್ದಾರೆ. ರಭಸದ ಉಸಿರಾಟ ವೈದ್ಯರನ್ನು ಕೇಳದೆ ಬೇಡವೇ ಬೇಡ.

ವಿಶ್ರಾಂತಿ ಬೇಕಾದ ದಿನಗಳೂ ಇವೆ. ಜ್ವರವಿದ್ದಾಗ ಅಥವಾ ರಕ್ತದ ಅಂಶ ತೀರಾ ಇಳಿದಾಗ ನಡಿಗೆ ಬಿಡಿ. ಎದೆನೋವು, ಕೆಮ್ಮಿನಲ್ಲಿ ರಕ್ತ, ಒಮ್ಮೆಗೇ ಹೆಚ್ಚಿದ ಏದುಸಿರು, ಒಂದೇ ಕಾಲಿನ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಈ ರೋಗದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೂಳೆಗೆ ರೋಗ ಹರಡಿದ್ದರೆ ಯಾವ ಚಲನೆ ಸಲ್ಲದೆಂದು ಮೊದಲೇ ಕೇಳಿಕೊಳ್ಳಬೇಕು.

ಇನ್ನೊಂದು ಅಡ್ಡಿ ಬೀದಿಯದು. ‘ಬೀಡಿ ಸೇದ್ತಿದ್ರಾ?’ ಎಂಬ ಪ್ರಶ್ನೆಗೆ ಅಂಜಿ ಎಷ್ಟೋ ಜನ ಹೊರಗೇ ಬರುವುದಿಲ್ಲ. ಒಂದೂ ಸೇದದ ಹೆಂಗಸರಿಗೂ ಈ ರೋಗ ಬರುತ್ತದೆಂಬುದು ಕೇಳುವವರಿಗೆ ತಿಳಿದಿರುವುದಿಲ್ಲ. ಅಂಥವರ ಜೊತೆ ಮನೆಯವರೊಬ್ಬರು ಹೆಜ್ಜೆ ಹಾಕಿದರೆ ಪ್ರಶ್ನೆಗಳಿಗೆ ಅವರೇ ಉತ್ತರ ಹೇಳಬಹುದು.

ನಮ್ಮ ಆಸ್ಪತ್ರೆಗಳ ಮೇಲೂ ನನಗೆ ದೂರಿದೆ. ಬೆಂಗಳೂರಿನ ಕಿದ್ವಾಯಿಗೆ ಬೀದರ್, ರಾಯಚೂರುಗಳಿಂದಲೂ ಜನ ಬರುತ್ತಾರೆ. ಅಷ್ಟು ದೂರ ಹೋಗಿ ಬಂದವರು ಚೀಟಿಯಲ್ಲಿ ಬರೆದದ್ದನ್ನು ಚಾಚೂತಪ್ಪದೆ ಪಾಲಿಸುತ್ತಾರೆ. ಎಲ್ಲಿಯೇ ಚಿಕಿತ್ಸೆಯಾಗಲಿ, ಮಾತ್ರೆಗಳ ಕೆಳಗೆ ‘ದಿನಕ್ಕೆ ಇಷ್ಟು ನಿಮಿಷ ನಡೆಯಬೇಕು’ ಎಂಬ ಸಾಲನ್ನೂ ಬರೆಯುವುದು ಕಷ್ಟವಲ್ಲ. ಬರೆಯದಿದ್ದರೆ ಮುಂದಿನ ಸಲ ಹೋದಾಗ ನೀವೇ ಕೇಳಿ ಬರೆಸಿಕೊಳ್ಳಿ.