ದನಿ ಯಂತ್ರದ್ದಲ್ಲ, ಹಾಡಿದವರದು

ಹಾಡನ್ನು ಉಳಿಸುತ್ತೇವೆಂದು ಹೊರಟವರು ಹಾಡಿದವರನ್ನೇ ಮರೆತುಬಿಡುವುದು ಈ ಕಾಲದ ದೊಡ್ಡ ವಿಪರ್ಯಾಸ. ಅಂಗೈಯಲ್ಲಿ ಹಿಡಿಸುವ ಡಿಜಿಟಲ್ ರೆಕಾರ್ಡರ್‌ಗಳ ಬಗ್ಗೆ ಬರುವ ವಿಮರ್ಶೆಗಳನ್ನೇ ನೋಡಿ. ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್, ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಕಾರ್ಡಿನಲ್ಲಿ ಎಷ್ಟು ತುಂಬುತ್ತದೆ? ಇಷ್ಟೇ ಲೆಕ್ಕ. ಹಾಡಿದ್ದು ಯಾರು, ಅವರು ಒಪ್ಪಿದ್ದರೇ, ಆ ದನಿ ಕೊನೆಗೆ ಯಾರ ಮನೆ ಸೇರಿತು ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳಿಲ್ಲದ ಪರೀಕ್ಷೆ ಅರೆಬರೆ ಪರೀಕ್ಷೆ ಎಂಬುದು ನಮ್ಮ ವಾದ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 2006-07ರ ಸುಮಾರಿಗೆ ಝೂಮ್, ಎಡಿರೋಲ್ ಮುಂತಾದ ಹೆಸರಿನ ಪುಟ್ಟ ರೆಕಾರ್ಡರ್‌ಗಳು ಬಂದಾಗ ನಡೆದದ್ದು ಒಂದು ಸಣ್ಣ ಕ್ರಾಂತಿಯೇ. ಅದುವರೆಗೆ ಒಳ್ಳೆಯ ಧ್ವನಿಮುದ್ರಣವೆಂದರೆ ಸ್ಟುಡಿಯೋ, ಇಲ್ಲವೇ ಆಕಾಶವಾಣಿ. ಮನೆಯಲ್ಲಿದ್ದದ್ದು ಉಸ್ಸೆಂದು ಸದ್ದು ಮಾಡುವ ಕ್ಯಾಸೆಟ್. ಈಗ ಒಂದು ಸಾಧಾರಣ ಮೊಬೈಲಿನ ಬೆಲೆಗೆ ಸ್ಟುಡಿಯೋಕ್ಕೆ ಹತ್ತಿರದ ದನಿ ಸಿಗುತ್ತದೆ. ಬಡವರ ಮನೆಯ ಹಾಡು ಕೂಡ ಸ್ವಚ್ಛವಾಗಿ ಕೇಳಿಸಿಕೊಳ್ಳುವ ಹಕ್ಕನ್ನು ಮೊದಲ ಬಾರಿಗೆ ಪಡೆದಿದೆ. ಆ ಹಕ್ಕು ಯಾರ ಕೈಗೆ ಹೋಯಿತು ಎಂಬುದೇ ಈಗಿನ ಪ್ರಶ್ನೆ.

ಅಂಥದೊಂದು ರೆಕಾರ್ಡರನ್ನು ನಾವು ಆರ್.ಟಿ. ನಗರದಲ್ಲಿ ಕೆಲವು ವಾರ ಬಳಸಿ ನೋಡಿದೆವು. ಸುಲ್ತಾನ್‌ಪಾಳ್ಯದ ಸಣ್ಣ ಮನೆಯೊಂದರಲ್ಲಿ ಮದುವೆಗೆ ಮುಂಚಿನ ರಾತ್ರಿ ಹೆಂಗಸರು ಢೋಲಕ್ ಇಟ್ಟುಕೊಂಡು ಹಾಡುವ ದಖ್ಖನಿ ಹಾಡುಗಳು, ಮತ್ತು ಶಾಮಿಯಾನದ ಕೆಳಗಿನ ಒಂದು ಕವ್ವಾಲಿ: ಇವೆರಡೇ ನಮ್ಮ ಪ್ರಯೋಗಶಾಲೆ. ಸದ್ದಿಲ್ಲದ ಕೋಣೆಯಲ್ಲಿ ಗಿಟಾರ್ ಮೀಟಿ ಬರೆಯುವ ವಿಮರ್ಶೆ ಇಂಥ ಮನೆಗಳಿಗೆ ಉಪಯೋಗಕ್ಕೆ ಬಾರದು. ಇಲ್ಲಿ ಫ್ಯಾನ್ ತಿರುಗುತ್ತದೆ, ಕುಕ್ಕರ್ ಕೂಗುತ್ತದೆ, ಹೊರಗೆ ಆಟೋ ಹೋಗುತ್ತದೆ, ಮಗು ಅಳುತ್ತದೆ. ಹಾಡು ಹುಟ್ಟುವುದು ಇವುಗಳ ನಡುವೆಯೇ.

ಕಂಡದ್ದನ್ನು ನೇರವಾಗಿ ಹೇಳುತ್ತೇವೆ. ಮೊದಲನೆಯದಾಗಿ, ದೊಡ್ಡ ಅಂಕಿಗಳಿಗೆ ಮರುಳಾಗಬೇಕಾಗಿಲ್ಲ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಸಿ.ಡಿ.ಯ 44.1 ಕಿಲೋಹರ್ಟ್ಸ್ ಅದಕ್ಕೆ ಸಾಕು. 96ಕ್ಕೆ ಏರಿಸಿದರೆ ಕಾರ್ಡ್ ಬೇಗ ತುಂಬುತ್ತದೆಯೇ ಹೊರತು ಅಜ್ಜಿಯ ದನಿ ಹೆಚ್ಚು ಮಧುರವಾಗುವುದಿಲ್ಲ. ಆದರೆ 16ರ ಬದಲು 24 ಬಿಟ್ ಇಟ್ಟುಕೊಂಡರೆ ನಿಜವಾದ ಲಾಭವಿದೆ. ದನಿಯ ಮಟ್ಟವನ್ನು ಸ್ವಲ್ಪ ಕೆಳಗಿಟ್ಟು, ಢೋಲಕ್ಕಿನ ಜೋರು ಪೆಟ್ಟಿಗೆ ಜಾಗ ಬಿಟ್ಟು, ಆಮೇಲೆ ಏರಿಸಿಕೊಳ್ಳಬಹುದು. 48 ಕಿಲೋಹರ್ಟ್ಸ್, 24 ಬಿಟ್ಟಿನ ಒಂದು ಗಂಟೆಯ ಸ್ಟೀರಿಯೋಕ್ಕೆ ಹಿಡಿಯುವುದು ಸುಮಾರು 1 ಜಿ.ಬಿ. ಇಂದಿನ ಕಾರ್ಡುಗಳಿಗೆ ಅದೊಂದು ಭಾರವೇ ಅಲ್ಲ. ಹಾಗಿರುವಾಗ ಜಾಗ ಉಳಿಸಲು ಮೂಲವನ್ನೇ ಎಂ.ಪಿ.3 ಮಾಡುವುದು ದಡ್ಡತನ. ಎಂ.ಪಿ.3 ಎಸೆದುಬಿಟ್ಟ ಅಂಶ ಮತ್ತೆ ಬರುವುದಿಲ್ಲ.

ಎರಡನೆಯದಾಗಿ, ದನಿಯ ಮಟ್ಟವನ್ನು ತಾನೇ ಏರಿಳಿಸುವ ಸ್ವಯಂಚಾಲಿತ ವ್ಯವಸ್ಥೆಯನ್ನು ನಂಬಬೇಡಿ. ಹಾಡುವವರು ಉಸಿರು ತೆಗೆದುಕೊಳ್ಳಲು ನಿಂತರೆ ಅದು ಫ್ಯಾನಿನ ಸದ್ದನ್ನು ಎತ್ತಿ ತರುತ್ತದೆ. ಢೋಲಕ್ ಬಡಿದ ಕೂಡಲೇ ಹಾಡುವ ದನಿಯನ್ನು ಅದುಮುತ್ತದೆ. ಕೆಳಸ್ತರದ ಗದ್ದಲ ಕಡಿಯುವ ಗುಂಡಿ ಒತ್ತಿದರೆ ಗುಂಯ್‌ಗುಡುವುದು ಕಡಿಮೆಯಾಗುತ್ತದೆ ನಿಜ, ಜೊತೆಗೆ ಢೋಲಕ್ಕಿನ ಎಡಗೈಯ ಗಂಭೀರ ನಾದವೂ ಹೋಗುತ್ತದೆ. ಫ್ಯಾನನ್ನು ಹತ್ತು ನಿಮಿಷ ನಿಲ್ಲಿಸುವುದೇ ಲೇಸು. ಯಂತ್ರವನ್ನು ಸ್ಟೀಲ್ ಮೇಜಿನ ಮೇಲಿಡದೆ ಮಡಚಿದ ಟವೆಲಿನ ಮೇಲಿಟ್ಟು, ಢೋಲಕ್ಕಿಗಿಂತ ಹಾಡುವವರಿಗೆ ಹತ್ತಿರ ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು.

ಕವ್ವಾಲಿಯಲ್ಲಿ ಪಾಠ ಬೇರೆ. ಧ್ವನಿವರ್ಧಕದ ಪೆಟ್ಟಿಗೆಯ ಮುಂದೆ ಕುಳಿತರೆ ಸಿಗುವುದು ಹಾಡಲ್ಲ, ಪೆಟ್ಟಿಗೆಯ ಅರಚಾಟ. ಈಚಿನ ಕೆಲವು ರೆಕಾರ್ಡರ್‌ಗಳಲ್ಲಿ 32 ಬಿಟ್ ಫ್ಲೋಟ್ ಎಂಬ ಸೌಲಭ್ಯವಿದೆ. ಮಟ್ಟ ಹೊಂದಿಸುವ ಗೊಡವೆಯೇ ಬೇಡ ಎಂಬುದು ಜಾಹೀರಾತು. ಅದು ಬಹುಪಾಲು ಸತ್ಯವೇ. ಆದರೆ ಮೈಕೇ ತಡೆಯಲಾರದಷ್ಟು ಸದ್ದು ಬಿದ್ದರೆ, ಅಥವಾ ಧ್ವನಿವರ್ಧಕವೇ ದನಿಯನ್ನು ಕೆಡಿಸಿದ್ದರೆ, ಯಾವ ಬಿಟ್ಟೂ ಅದನ್ನು ರಿಪೇರಿ ಮಾಡದು. ಗಾಳಿಗೆ ಸ್ಪಂಜಿನ ಟೋಪಿ, ಜೇಬಿನಲ್ಲಿ ಇನ್ನೊಂದು ಜೊತೆ ಸೆಲ್, ಕಿವಿಗೆ ಹೆಡ್‌ಫೋನ್, ಮತ್ತು ಪೆಟ್ಟಿಗೆಯಿಂದ ದೂರ ಹಾಡುಗಾರರ ಪಕ್ಕದಲ್ಲಿ ಒಂದು ಜಾಗ. ಈ ನಾಲ್ಕು ಇದ್ದರೆ ಕಡಿಮೆ ಬೆಲೆಯ ಯಂತ್ರವೂ ಗೆಲ್ಲುತ್ತದೆ.

‘ಇಷ್ಟೆಲ್ಲ ಯಾಕೆ, ಮೊಬೈಲ್ ಇಲ್ಲವೇ?’ ಎನ್ನುವವರಿದ್ದಾರೆ. ಇದ್ದೇ ಇದೆ. ಏನೂ ಇಲ್ಲದಾಗ ಮೊಬೈಲೇ ದೇವರು ಕೊಟ್ಟ ವರ. ಆದರೆ ಮೊಬೈಲಿನ ಧ್ವನಿ ವ್ಯವಸ್ಥೆ ಮುಖ್ಯವಾಗಿ ಮಾತಿಗಾಗಿ ರೂಪುಗೊಂಡದ್ದು. ವಾಟ್ಸಾಪ್‌ನ ಧ್ವನಿ ಸಂದೇಶವಂತೂ ಮಾತಿಗೆಂದೇ ಕುಗ್ಗಿಸಿದ ದನಿ. ಮಾತಲ್ಲದ್ದನ್ನು ಗದ್ದಲವೆಂದು ತಿಳಿದು ಅಳಿಸುವ ಯಂತ್ರಕ್ಕೆ ಢೋಲಕ್ಕೂ ಗದ್ದಲವೇ, ಚಪ್ಪಾಳೆಯೂ ಗದ್ದಲವೇ. ಹೆಂಗಸರ ಹಾಡನ್ನು ‘ಗದ್ದಲ’ ಎಂದು ಬಾಗಿಲು ಹಾಕಿಕೊಳ್ಳುವ ಗಂಡಸರು ಮನೆಮನೆಯಲ್ಲಿದ್ದಾರೆ. ಯಂತ್ರಕ್ಕೂ ಅದೇ ಬುದ್ಧಿ ಕಲಿಸಬೇಕೇ?

ಇದು ತಮಾಷೆಯ ಮಾತಲ್ಲ. ಬಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಮುಂದೆ ಹಾಡಲೆಂದು ದಖ್ಖನಿಯಲ್ಲಿ ಚಕ್ಕಿನಾಮಾಗಳನ್ನು, ನೂಲುವಾಗ ಹಾಡಲೆಂದು ಚರಖಾನಾಮಾಗಳನ್ನು ಕಟ್ಟಿದರು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವುಗಳ ಮಹತ್ವವನ್ನು ವಿವರಿಸಿದ್ದಾರೆ. ಅವರ ಪ್ರಕಾರ ಧರ್ಮದ ತಿಳಿವಳಿಕೆ ಜನಸಾಮಾನ್ಯರ ಮನೆಯೊಳಗೆ ನಡೆದು ಬಂದದ್ದು ಹೆಂಗಸರ ಈ ಹಾಡುಗಳ ಮೂಲಕವೂ ಹೌದು. ಹಸ್ತಪ್ರತಿಗಳಲ್ಲಿ ಪದ ಉಳಿಯಿತು. ಆದರೆ ಕಾಗದ ಧಾಟಿಯನ್ನು ಹಿಡಿಯದು. ಧಾಟಿ ಇರುವುದು ಗಂಟಲಲ್ಲಿ, ಗಂಟಲು ಮಣ್ಣಾದ ಮೇಲೆ ಅದೂ ಮಣ್ಣು.

ಶಿಶುನಾಳ ಶರೀಫರ (1819-1889) ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. ಸಿ. ಅಶ್ವತ್ಥರ ಕ್ಯಾಸೆಟ್‌ಗಳು, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ಚಿತ್ರ ಶರೀಫರನ್ನು ಮನೆಮನೆಗೆ ತಲುಪಿಸಿದವು. ಆ ಉಪಕಾರ ದೊಡ್ಡದು. ಆದರೆ ನಗರದ ಕೇಳುಗನಿಗೆ ಇಂದು ಶರೀಫರೆಂದರೆ ಅದೊಂದೇ ಧಾಟಿ. ಧಾರವಾಡ, ಹಾವೇರಿಯ ಕಡೆ ಭಜನಾ ಮೇಳಗಳು ಏಕತಾರಿ ಹಿಡಿದು ಹಾಡುವ ತತ್ವಪದ, ಮೊಹರಂನಲ್ಲಿ ಹೆಜ್ಜೆ ಹಾಕುತ್ತಾ ಹೇಳುವ ರಿವಾಯತ್ ಪದ, ಇವುಗಳ ಧಾಟಿ ಊರಿಗೊಂದು. ದೋಷ ಅಶ್ವತ್ಥರದಲ್ಲ. ಮಾರಾಟವಾಗುವ ಒಂದೇ ದನಿಯನ್ನು ಕೇಳಿ ಉಳಿದದ್ದು ಬೇಡವೆಂದ ಮಾರುಕಟ್ಟೆಯದು. ಆ ನೂರು ಧಾಟಿಗಳಿಗೆ ಅಂಗೈಯ ರೆಕಾರ್ಡರ್ ಒಂದು ಆಸರೆಯಾಗಬಲ್ಲದು. ಅದಕ್ಕಾಗಿಯೇ ಅದು ಯಾರ ಅಂಗೈಯಲ್ಲಿದೆ ಎಂಬುದು ಮುಖ್ಯ.

ಇತಿಹಾಸದ ಒಂದು ದನಿಯನ್ನು ನೆನೆಯೋಣ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ತಂಡದ ಕಹಳೆಯ ಮುಂದೆ ಗೌಹರ್ ಜಾನ್ ಹಾಡಿದರು. ತಟ್ಟೆಯಲ್ಲಿ ಜಾಗವಿದ್ದದ್ದು ಸುಮಾರು ಮೂರು ನಿಮಿಷಕ್ಕೆ. ಹಾಡು ಮುಗಿದ ಕೂಡಲೇ ಆಕೆ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿಯೇ 1930ರ ಜನವರಿಯಲ್ಲಿ ತೀರಿಕೊಂಡರು. ಆ ಹೆಸರು ಮಾತ್ರ ತಟ್ಟೆಯ ಮೇಲೆ ಇಂದಿಗೂ ಕೂಗಿ ಹೇಳುತ್ತದೆ. ಮೂರು ನಿಮಿಷದಲ್ಲೂ ಹೆಸರಿಗೆ ಜಾಗವಿತ್ತು! ಗಂಟೆಗಟ್ಟಲೆ ಹಿಡಿಯುವ ಇಂದಿನ ಕಾರ್ಡಿನಲ್ಲಿ ಏನಿದೆ? ಒಂದು, ಎರಡು, ಮೂರು ಎಂಬ ಕಡತದ ಸಂಖ್ಯೆ. ಹಾಡಿದವಳು ಯಾರು, ಯಾವ ಊರಿನವಳು, ಯಾರಿಂದ ಕಲಿತಳು, ಒಂದೂ ಇಲ್ಲ.

ನಾವು ಹೋದ ಮನೆಯ ನಾನಿ ಮೊದಲು ಯಂತ್ರವನ್ನು ಕಂಡು ಮುಖ ತಿರುಗಿಸಿದರು. ಹಿಂದೊಮ್ಮೆ ಸಂಶೋಧನೆಗೆಂದು ಬಂದವರು ಇಡೀ ಮಧ್ಯಾಹ್ನ ಹಾಡಿಸಿಕೊಂಡು ಹೋಗಿದ್ದರಂತೆ. ‘ಪ್ರತಿ ಕಳಿಸುತ್ತೇವೆ’ ಎಂದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ‘ಬೇಟಾ, ನನ್ನ ದನಿ ಎಲ್ಲಿದೆಯೋ ನನಗೇ ಗೊತ್ತಿಲ್ಲ’ ಎಂದರು ಅವರು. ಯಾವ ವಿಮರ್ಶಕನ ಅಂಕಪಟ್ಟಿಯಲ್ಲೂ ಇರದ ವಾಕ್ಯ ಇದು. ಹಾಡಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಒಂದು ಹಾಡನ್ನು ಅಳಿಸಲು ಹೇಳಿದರು, ಅಳಿಸಿದೆವು. ಉಳಿದವು ಮನೆಯವರಿಗೆ ಮಾತ್ರ, ಹೊರಗಿನವರಿಗೆ ಬೇಡ ಎಂದರು. ಅವು ಅವರ ಮನೆಯಲ್ಲೇ ಇವೆ.

ಕಾನೂನು ಕೂಡ ಈ ನಾನಿಯ ಪಕ್ಷದಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ಹಾಡುಗಾರರಷ್ಟೇ ಅಲ್ಲ, ಹಾವಾಡಿಗರೂ ಇದ್ದಾರೆ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಿದ್ದಲ್ಲಿ ಪ್ರದರ್ಶಕರಿಗೆ ರಾಯಧನದ ಹಕ್ಕನ್ನೂ, ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಖಾಸಗಿ ಬಳಕೆಗೆ, ಬೋಧನೆ ಸಂಶೋಧನೆಗೆ ರೆಕಾರ್ಡ್ ಮಾಡಿಕೊಳ್ಳಲು ವಿನಾಯಿತಿ ಇದೆ, ಸರಿ. ಆದರೆ ಆ ವಿನಾಯಿತಿ ಊರಿಗೆಲ್ಲ ಹಂಚಲು ಕೊಟ್ಟ ರಹದಾರಿಯಲ್ಲ. ಗುಂಡಿ ಒತ್ತಿದವನೇ ಒಡೆಯ ಎಂಬ ಧೋರಣೆಗೆ ಕಾನೂನಿನ ಬೆಂಬಲವೂ ಇಲ್ಲ, ನ್ಯಾಯದ ಬೆಂಬಲವೂ ಇಲ್ಲ.

‘ಇಷ್ಟು ನಿಯಮ ಹಾಕಿದರೆ ಯಾರು ಸಂಗ್ರಹಿಸುತ್ತಾರೆ, ಹಾಡುಗಳೆಲ್ಲ ಸಾಯುತ್ತವೆ’ ಎಂದು ಕೆಲವರು ಹೆದರಿಸುತ್ತಾರೆ. ನಮ್ಮ ಅನುಭವ ತದ್ವಿರುದ್ಧ. ಅಳಿಸುವ ಅಧಿಕಾರ ತನ್ನದೆಂದು ಖಾತ್ರಿಯಾದ ಮೇಲೆಯೇ ನಾನಿ ಬಾಯಿಬಿಟ್ಟದ್ದು. ವಿಶ್ವಾಸವಿಲ್ಲದ ಕಡೆ ಗಂಟಲು ತೆರೆಯುವುದಿಲ್ಲ. ಅತ್ಯುತ್ತಮ ಮೈಕಿಗೂ ಮೌನವನ್ನು ಹಾಡಾಗಿಸಲು ಬರುವುದಿಲ್ಲ.

ಮಾಡಬೇಕಾದ್ದು ಬಹಳವೇನಿಲ್ಲ. ಬಡಾವಣೆಗೊಂದು ರೆಕಾರ್ಡರ್ ಇರಲಿ, ಅದು ಒಬ್ಬರ ಸ್ವತ್ತಾಗದೆ ನಾಲ್ಕು ಮನೆಗಳ ನಡುವೆ ಓಡಾಡಲಿ. ಅದನ್ನು ಹೆಣ್ಣುಮಕ್ಕಳೂ ಕಲಿಯಲಿ. ಹೆಂಗಸರ ಹಾಡಿನ ಬಳಿ ಕುಳಿತುಕೊಳ್ಳಲು ಅವರಿಗಿರುವ ಸಲಿಗೆ ಬೇರೆಯವರಿಗಿಲ್ಲ. ಹಾಡಿಗೆ ಮೊದಲು ಹಾಡುವವರ ಹೆಸರು, ಊರು, ತಾರೀಖು ಅವರ ಬಾಯಿಂದಲೇ ಬರಲಿ. ಮುಗಿದೊಡನೆ ಅವರು ಕೇಳಲಿ, ಬೇಡವೆಂದದ್ದು ಅಳಿಯಲಿ. ಒಂದು ವಾರದೊಳಗೆ ಪ್ರತಿ ಅವರ ಕೈ ಸೇರಲಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ, ಏಕೆಂದರೆ ಕಾರ್ಡೂ ಸಾಯುತ್ತದೆ, ಹಾರ್ಡ್‌ಡಿಸ್ಕೂ ಸಾಯುತ್ತದೆ.

ಮುಂದಿನ ಸಲ ಯಾರಾದರೂ ಹೊಸ ರೆಕಾರ್ಡರ್ ತೋರಿಸಿ ಅದರ ಬಿಟ್ಟುಗಳನ್ನು ಎಣಿಸಿ ಹೇಳಿದರೆ, ಓದುಗರು ಒಂದೇ ಪ್ರಶ್ನೆ ಕೇಳಲಿ: ‘ಸ್ವಾಮಿ, ಇದರಲ್ಲಿ ಹಾಡಿದವರ ಹೆಸರೇನು?’ ಉತ್ತರವಿದ್ದರೆ ಯಂತ್ರ ಪಾಸು. ಇಲ್ಲದಿದ್ದರೆ ಅದು ಎಷ್ಟೇ ಸ್ಪಷ್ಟವಾಗಿ ಹಿಡಿದಿರಲಿ, ಹಿಡಿದದ್ದು ಕದ್ದ ಮಾಲು.