ಕನ್ನಡಕದ ಅಂಗಡಿಯವರಿಗೆ ಲೆನ್ಸ್ ವಿದ್ಯೆ ಕಲಿಸಿ

ಮಂಡ್ಯ ಜಿಲ್ಲೆಯ ಕಿರುಗಾವಲು ಸೀಮೆಯಲ್ಲಿ ಭತ್ತ ಬಡಿಯುವಾಗ ಕಣ್ಣಿಗೆ ಹೊಟ್ಟು ಸಿಡಿಯುವುದು, ಕಬ್ಬು ಕಡಿಯುವಾಗ ಸೋಗೆ ಗೀರುವುದು ಹೊಸದಲ್ಲ. ಗೀರಿದ ಜಾಗದಲ್ಲಿ ಬೂಷ್ಟು ಹತ್ತಿ ಹುಣ್ಣಾಗುತ್ತದೆ, ಹುಣ್ಣು ಮಾಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಣ್ಣಿಗೆ ಹೂವು ಬಿತ್ತು ಎಂದು ನಮ್ಮವರು ಹೇಳುವುದು ಇದಕ್ಕೇ. ಗದ್ದೆಗೆ ಇಳಿಯದ, ಕಾಲೇಜಿಗೆ ಹೋಗುವ ಹುಡುಗಿಯ ಕಣ್ಣಿಗೂ ಈಗ ಅದೇ ಹೂವು ಬೀಳಲು ಇನ್ನೊಂದು ದಾರಿಯಾಗಿದೆ. ಅದು ಹೇಳಿಕೊಡುವವರಿಲ್ಲದೆ ಕೈಗೆ ಬಂದ ಕಾಂಟ್ಯಾಕ್ಟ್ ಲೆನ್ಸ್.

ಕನ್ನಡಕ ಹಾಕಿದ ಹುಡುಗಿಯನ್ನು ನೋಡಲು ಬಂದವರು ಏನೆನ್ನುತ್ತಾರೋ ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಹಾಗಾಗಿ ಮದುವೆಗೆ ಮುಂಚೆ ಲೆನ್ಸ್ ಬರುತ್ತದೆ. ಮೇಕಪ್ ಮಾಡುವವರ ಪೆಟ್ಟಿಗೆಯೊಳಗೆ ಬಣ್ಣದ ಲೆನ್ಸ್ ಇರುತ್ತದೆ, ಒಬ್ಬಳಿಗೆ ಹಾಕಿ ತೆಗೆದದ್ದು ಇನ್ನೊಬ್ಬಳ ಕಣ್ಣಿಗೆ ಹೋದರೂ ಕೇಳುವವರಿಲ್ಲ. ಕನ್ನಡಕದ ಚೀಟಿಯಲ್ಲಿರುವ ನಂಬರನ್ನೇ ಮೊಬೈಲಿನಲ್ಲಿ ಒತ್ತಿದರೆ ಲೆನ್ಸ್ ಮನೆಗೇ ಬರುತ್ತದೆ. ಆ ನಂಬರು ಲೆನ್ಸಿಗೆ ಯಾವಾಗಲೂ ಹಾಗೆಯೇ ಹೊಂದುವುದಿಲ್ಲ ಎಂದು ಯಾರೂ ಹೇಳಿರುವುದಿಲ್ಲ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಹಾಗಾಗಿ ಮೈನಸ್ 6ರ ಕನ್ನಡಕದವರಿಗೆ ಲೆನ್ಸಿನಲ್ಲಿ ಮೈನಸ್ 5.5 ಸಾಕಾಗುತ್ತದೆ. ನಂಬರಿಗಿಂತ ದೊಡ್ಡದು ಕೂರಿಸುವ ಕೆಲಸ. ಕಣ್ಣಿನ ಮುಂದಿನ ತಿಳಿ ಪದರವಾದ ಕಾರ್ನಿಯಾದ ಬಾಗು ಎಷ್ಟು, ರೆಪ್ಪೆ ಬಡಿದಾಗ ಲೆನ್ಸ್ ತುಸು ಸರಿಯುತ್ತದೆಯೇ ಇಲ್ಲ ಕಚ್ಚಿಕೊಂಡು ಕೂತಿದೆಯೇ, ಕಣ್ಣೀರು ಸಾಲದೆ ಒಣಗುತ್ತಿದೆಯೇ ಎಂಬುದನ್ನೆಲ್ಲ ನೋಡಬೇಕು. ಕಾರ್ನಿಯಾಕ್ಕೆ ರಕ್ತನಾಳವಿಲ್ಲ, ಅದು ಉಸಿರಾಡುವುದು ಹೊರಗಿನ ಗಾಳಿಯಿಂದ. ಬಿಗಿಯಾಗಿ ಕೂತ ಲೆನ್ಸನ್ನು ರಾತ್ರಿಯೆಲ್ಲ ಹಾಕಿಕೊಂಡು ಮಲಗಿದರೆ ಅದರ ಉಸಿರು ಕಟ್ಟುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ.

ಇಷ್ಟನ್ನು ನೋಡಿ ಹೇಳುವವರು ಯಾರಾಗಬೇಕು? ದೃಷ್ಟಿ ಪರೀಕ್ಷೆಯಲ್ಲಿ ನಾಲ್ಕು ವರ್ಷದ ಪದವಿ ಮಾಡಿದ ಆಪ್ಟೋಮೆಟ್ರಿಸ್ಟುಗಳು, ನಾವು ಮಾತ್ರ ಎನ್ನುತ್ತಾರೆ. ಕಣ್ಣಿನ ವೈದ್ಯರಲ್ಲಿ ಹಲವರು, ನಮ್ಮ ಕೈಕೆಳಗೇ ನಡೆಯಲಿ ಎನ್ನುತ್ತಾರೆ. ಕನ್ನಡಕದ ಅಂಗಡಿಯವರು ತಮ್ಮ ಹೊಟ್ಟೆಪಾಡಿನ ಮಾತು ಎತ್ತುತ್ತಾರೆ. ನನ್ನ ನಿಲುವು ಇದು: ಅಂಗಡಿಯವರಿಗೆ ಲೆನ್ಸ್ ಕೂರಿಸುವುದನ್ನೂ ಆಮೇಲಿನ ಆರೈಕೆಯನ್ನೂ ಸರಿಯಾಗಿ ಕಲಿಸಿ, ಪರೀಕ್ಷೆ ಮಾಡಿ, ನೋಂದಣಿ ಕೊಡಬೇಕು. ನೋಂದಣಿ ಇಲ್ಲದವರು ಲೆನ್ಸ್ ಮಾರಬಾರದು. ಎರಡೂ ಒಟ್ಟಿಗೆ ಆಗಬೇಕು.

ಕಾನೂನು ಈಗ ನಡುದಾರಿಯಲ್ಲಿ ನಿಂತಿದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ಕೆಳಗೆ ಬಂದಿವೆ, ಲೆನ್ಸೂ ಅದರೊಳಗಿದೆ. ಅಂದರೆ ಮಾಲಿನ ಮೇಲೆ ಕಣ್ಣಿದೆ, ಕೂರಿಸುವ ಕೈಯ ಮೇಲಿಲ್ಲ. ಆರೋಗ್ಯ ಕ್ಷೇತ್ರದ ವೃತ್ತಿಗಳಿಗಾಗಿ 2021ರಲ್ಲಿ ಸಂಸತ್ತು ಮಾಡಿದ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕ, ವಿಷನ್ ಟೆಕ್ನಿಷಿಯನ್ ಇದ್ದಾರೆ. ಸಂತೆಗೆ ಬಂದ ರೈತನಿಗೆ ಚಾಳೀಸು ಕೂಡಿಸಿಕೊಡುವ ಅಂಗಡಿಯವನು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಆಪ್ಟೋಮೆಟ್ರಿಸ್ಟುಗಳ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರೆವಿದ್ಯೆ ಕಣ್ಣನ್ನು ಕಳೆಯುತ್ತದೆ ಎಂಬುದು ನಿಜ. ಆದರೆ ಇವತ್ತು ನಡೆಯುತ್ತಿರುವುದು ಅರೆವಿದ್ಯೆಯೂ ಅಲ್ಲ, ವಿದ್ಯೆಯೇ ಇಲ್ಲದ ಮಾರಾಟ. ಪದವೀಧರರು ಬಂದು ಕಿರುಗಾವಲಿನಲ್ಲಿ ಕೂರುವುದಾದರೆ ನಾನು ಈ ಲೇಖನ ಬರೆಯಬೇಕಿರಲಿಲ್ಲ. ಅವರಲ್ಲಿ ಹೆಚ್ಚಿನವರು ಓದು ಮುಗಿಸಿ ಬೆಂಗಳೂರು, ಮೈಸೂರಿನ ಆಸ್ಪತ್ರೆ, ಶೋರೂಮುಗಳಿಗೆ ಹೋಗುತ್ತಾರೆ. ಅದು ಅವರ ತಪ್ಪಲ್ಲ. ಆದರೆ ತಾವೂ ಬರದೆ, ಇಲ್ಲಿರುವವರೂ ಕಲಿಯಬಾರದು ಎಂದರೆ ಕಣ್ಣು ಕಳೆದುಕೊಳ್ಳುವವರು ನಮ್ಮ ಮಕ್ಕಳು.

ಬ್ರಿಟನ್ನಿನಲ್ಲಿ ಕನ್ನಡಕ ಕೂಡಿಸುವ ಡಿಸ್ಪೆನ್ಸಿಂಗ್ ಆಪ್ಟಿಷಿಯನ್ ಇನ್ನಷ್ಟು ಓದಿ, ಪರೀಕ್ಷೆ ಪಾಸು ಮಾಡಿ, ಜನರಲ್ ಆಪ್ಟಿಕಲ್ ಕೌನ್ಸಿಲ್ಲಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಆಪ್ಟಿಷಿಯನ್ ಆಗಬಹುದು. ನಂಬರಿಲ್ಲದ ಬಣ್ಣದ ಲೆನ್ಸನ್ನೂ ಅಲ್ಲಿ ನೋಂದಾಯಿತರ ಮೇಲ್ವಿಚಾರಣೆ ಇಲ್ಲದೆ ಮಾರುವಂತಿಲ್ಲ. ಅಷ್ಟು ದೂರ ಯಾಕೆ, ನೇಪಾಳವನ್ನು ನೋಡಿ. ಭಕ್ತಪುರದಲ್ಲಿ ಡಾ. ಮದನ್ ಪ್ರಸಾದ್ ಉಪಾಧ್ಯಾಯ ಮತ್ತು ಅವರ ತಂಡ ಹಳ್ಳಿಯ ಕಾರ್ಯಕರ್ತರಿಗೆ ಕಣ್ಣಿನ ಗೀರನ್ನು ಗುರುತಿಸಿ ಮುಲಾಮು ಹಚ್ಚುವುದನ್ನು ಕಲಿಸಿದರು. 2001ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು: ಗೀರು ಬಿದ್ದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಕಲಿತವರು ವೈದ್ಯರಲ್ಲ, ಊರಿನವರು. ಊರಲ್ಲೇ ಇದ್ದದ್ದರಿಂದ ಆ 18 ಗಂಟೆ ಅವರ ಕೈಗೆ ಸಿಕ್ಕಿತು.

ಕಲಿಸುವುದು ಎಂದರೆ ಲೆನ್ಸ್ ಕಂಪನಿಯವರು ಹೋಟೆಲಿನಲ್ಲಿ ಊಟ ಹಾಕಿ ನಡೆಸುವ ಒಂದು ದಿನದ ಕಾರ್ಯಾಗಾರವಲ್ಲ. ಆ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿ ಇಷ್ಟು ಸಾಕು ಎನ್ನುವ ಅಂಗಡಿಯವರ ಪರ ನಾನಿಲ್ಲ. ಅಂಗಡಿ ಮುಚ್ಚಿ ನಾಲ್ಕು ವರ್ಷ ಕಾಲೇಜಿಗೆ ಹೋಗಿ ಎನ್ನುವವರ ಪರವೂ ಇಲ್ಲ. ವಾರಕ್ಕೊಂದು ದಿನದಂತೆ ಇಡೀ ವರ್ಷ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೂರಿಸಿ. 1896ರಿಂದ ನಡೆಯುತ್ತಿರುವ ಬೆಂಗಳೂರಿನ ಮಿಂಟೋ ಆಸ್ಪತ್ರೆ ಪಾಠ, ಪರೀಕ್ಷೆಗಳನ್ನು ಗೊತ್ತುಮಾಡಲಿ. ಮನೆ ಬಾಗಿಲಿಗೆ ಹೋಗಿ ಕಣ್ಣು ನೋಡಿ ಕನ್ನಡಕ ಕೊಡುವ ಆಶಾಕಿರಣ ಯೋಜನೆಗೆ ಹಣ ಇಟ್ಟ ರಾಜ್ಯ ಸರ್ಕಾರಕ್ಕೆ ಇದು ಭಾರವಲ್ಲ. ಕಲಿಕೆ ನಿಜವಾದ ಕಣ್ಣುಗಳ ಮೇಲೆ, ಆಪ್ಟೋಮೆಟ್ರಿಸ್ಟ್ ಪಕ್ಕದಲ್ಲಿ ನಿಂತಿರುವಾಗ ಆಗಬೇಕು.

ಎಲ್ಲೆಯೂ ಗೆರೆ ಹೊಡೆದಂತೆ ಇರಲಿ. ಮಕ್ಕಳಿಗೆ, ಕಾರ್ನಿಯಾ ಮೊನಚಾಗುವ ಕೆರಟೋಕೋನಸ್ ಇರುವವರಿಗೆ, ಕಣ್ಣು ಒಣಗುವವರಿಗೆ ಅಂಗಡಿಯಲ್ಲಿ ಲೆನ್ಸ್ ಕೂರಿಸಬಾರದು, ಬರೆದುಕೊಟ್ಟು ಮುಂದೆ ಕಳಿಸಬೇಕು.

ನಾನು ಹೆಚ್ಚು ಒತ್ತು ಕೊಡುವುದು ಆರೈಕೆಯ ಪಾಠಕ್ಕೆ. ಕೈ ತೊಳೆದು ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಲೆನ್ಸ್ ಇಡುವ ಡಬ್ಬಿಯನ್ನು ನಲ್ಲಿ ನೀರಿನಲ್ಲಾಗಲಿ ಬೋರ್‌ವೆಲ್ ನೀರಿನಲ್ಲಾಗಲಿ ತೊಳೆಯಕೂಡದು, ಆ ನೀರಿನಲ್ಲಿ ಅಕಾಂತಮೀಬಾ ಎಂಬ ಜೀವಿ ಇರಬಹುದು, ಕಾರ್ನಿಯಾಕ್ಕೆ ಹತ್ತಿದರೆ ಅದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕು. ಲೆನ್ಸ್ ನೆನೆಸಿಟ್ಟ ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬಾರದು. ಇದನ್ನು ಇಂಗ್ಲಿಷ್ ಚೀಟಿಯಲ್ಲಿ ಕೊಟ್ಟರೆ ಯಾರಿಗೂ ಹತ್ತುವುದಿಲ್ಲ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ನಮ್ಮ ಮಾತಿನಲ್ಲಿ, ನೀನೇ ಹಾಕಿ ತೆಗೆದು ತೋರಿಸವ್ವ ಎಂದು ಹೇಳಿ, ಅವಳು ಸರಿಯಾಗಿ ಮಾಡುವ ತನಕ ಲೆನ್ಸ್ ಕೊಟ್ಟು ಕಳಿಸಬಾರದು.

ಭಾನುವಾರ ಸಂಜೆ ಅವಳೇ ಕೆಂಗಣ್ಣು ಉಜ್ಜಿಕೊಳ್ಳುತ್ತ ಬಂದಳು ಎಂದುಕೊಳ್ಳಿ. ಇವತ್ತಾದರೆ ಎದುರಿನ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಇರುವ ಡ್ರಾಪ್ಸ್ ಬಿಡುತ್ತಾಳೆ, ಎರಡು ದಿನ ತಣ್ಣಗಾಗಿ ಮೂರನೆಯ ದಿನ ಕಣ್ಣು ಬೆಳ್ಳಗಾಗುತ್ತದೆ. ಕಲಿತ ಅಂಗಡಿಯವನಿದ್ದರೆ ಮೊದಲು ಲೆನ್ಸ್ ತೆಗೆಸುತ್ತಾನೆ, ಉಜ್ಜಬೇಡ ಎನ್ನುತ್ತಾನೆ, ಕಣ್ಣಿಗೆ ಪಟ್ಟಿ ಕಟ್ಟುವುದಿಲ್ಲ, ಡ್ರಾಪ್ಸ್ ಬಿಡುವುದಿಲ್ಲ. ತೆಗೆದ ಲೆನ್ಸನ್ನು ಎಸೆಯದೆ ಅವಳ ಡಬ್ಬಿಯೊಳಗೇ ಇಟ್ಟು, ಲೆನ್ಸ್ ಯಾವುದು, ನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಚೀಟಿಯಲ್ಲಿ ಬರೆಯುತ್ತಾನೆ. ಡಬ್ಬಿ, ಚೀಟಿ ಎರಡನ್ನೂ ಅವಳ ಅಪ್ಪನ ಕೈಗೆ ಕೊಟ್ಟು, ಬೆಳಗಾಗುವುದನ್ನು ಕಾಯದೆ ಮಂಡ್ಯದ ದೊಡ್ಡಾಸ್ಪತ್ರೆಗೆ ಹೊರಡಿಸುತ್ತಾನೆ.